ಬ್ರಿಟನ್ನಿನಲ್ಲಿ ಎಐ ನಿಮಗೆ ‘ಇಲ್ಲ’ ಅಂದರೆ ಯಾರನ್ನು ಕೇಳಬೇಕು?

ಬ್ರಿಟನ್ನಿನಲ್ಲಿ ‘ಎಐ ಕಾಯ್ದೆ’ ಅಂತ ಒಂದು ಕಾಯ್ದೆ ಇಲ್ಲ. ಸುಮ್ನೆ ಹುಡುಕಬೇಡಿ. ಯುರೋಪಿಯನ್ ಒಕ್ಕೂಟ 2024ರಲ್ಲಿ ಅಂಥದ್ದೊಂದನ್ನು ತಂದಿತು. ಅಷ್ಟರಲ್ಲಿ ಬ್ರಿಟನ್ ಒಕ್ಕೂಟದಿಂದ ಹೊರಗೆ ಬಂದಾಗಿತ್ತು, ದಾರಿಯನ್ನೂ ಬೇರೆ ಹಿಡಿಯಿತು. ಹಾಗಂತ ಇಲ್ಲಿ ಹೇಳುವವರು ಕೇಳುವವರು ಇಲ್ಲ ಎಂದಲ್ಲ. ಬೇಕಾದಷ್ಟು ಜನ ಇದ್ದಾರೆ. ಯಾವ ವಿಷಯಕ್ಕೆ ಯಾರ ಬಾಗಿಲು ಬಡಿಯಬೇಕು ಅನ್ನುವುದು ಮಾತ್ರ ಇಲ್ಲಿರುವ ಭಾರತೀಯರಾದ ನಮಗೆ ಗೊತ್ತಿರಬೇಕು.

ಸರ್ಕಾರದ ಧೋರಣೆ 2023ರ ಮಾರ್ಚ್‌ನಲ್ಲಿ ಬಂದ ಶ್ವೇತಪತ್ರದಲ್ಲಿದೆ. ಎಐಗೆಂದೇ ಹೊಸ ಸಂಸ್ಥೆ ಬೇಡ, ಈಗಿರುವವರೇ ತಮ್ಮ ತಮ್ಮ ಕ್ಷೇತ್ರದಲ್ಲಿ ನೋಡಿಕೊಳ್ಳಲಿ ಅನ್ನುವುದು ಅದರ ಸಾರ. ಸುರಕ್ಷತೆ, ಪಾರದರ್ಶಕತೆ, ನ್ಯಾಯ, ಹೊಣೆಗಾರಿಕೆ, ನಿರ್ಧಾರವನ್ನು ಪ್ರಶ್ನಿಸುವ ಅವಕಾಶ ಎಂದು ಐದು ತತ್ವಗಳನ್ನೂ ಅವರ ಕೈಗೆ ಕೊಟ್ಟರು. ಹಾಗಾಗಿ ಬ್ಯಾಂಕಿನ ಎಐ ಹಣಕಾಸು ಕಂಪನಿಗಳನ್ನು ನೋಡಿಕೊಳ್ಳುವ ಎಫ್‌ಸಿಎ ಪಾಲು. ಸ್ಕ್ಯಾನ್ ನೋಡಿ ರೋಗ ಹೇಳುವ ಸಾಫ್ಟ್‌ವೇರ್ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಎಂಎಚ್‌ಆರ್‌ಎ ಪಾಲು. ಸೋಶಿಯಲ್ ಮೀಡಿಯಾ ಸಂವಹನ ಕ್ಷೇತ್ರದ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಪಾಲು. ನಿಮ್ಮ ವೈಯಕ್ತಿಕ ಮಾಹಿತಿ ಯಾರ ಬಳಿ ಇದ್ದರೂ ಅದರ ಮೇಲೆ ಕಣ್ಣಿಡುವುದು ಐಸಿಒ ಎಂಬ ಸಂಸ್ಥೆ. ನಮ್ಮಂಥವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಈ ಕೊನೆಯದೇ.

ಆ ಐದು ತತ್ವಗಳಿಗೆ ಕಾನೂನಿನ ಬಲ ಇಲ್ಲ. ಅತಿ ದೊಡ್ಡ ಎಐ ಮಾಡೆಲ್‌ಗಳಿಗೆ ಕಾನೂನು ತರುವ ಮಾತು 2024ರ ಜುಲೈನ ರಾಜರ ಭಾಷಣದಲ್ಲಿ (ಸರ್ಕಾರದ ಮುಂದಿನ ಯೋಜನೆಗಳನ್ನು ಸಂಸತ್ತಿಗೆ ಹೇಳುವ ಭಾಷಣ) ಬಂತು, ಆಮೇಲೆ ಮುಂದೂಡುತ್ತಲೇ ಹೋಯಿತು. 2023ರ ನವೆಂಬರ್‌ನಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಎಐ ಕುರಿತ ದೊಡ್ಡ ಶೃಂಗಸಭೆ ನಡೆದಾಗ ಘೋಷಣೆಯಾದ ಎಐ ಸೇಫ್ಟಿ ಇನ್‌ಸ್ಟಿಟ್ಯೂಟ್ ಈಗ ಎಐ ಸೆಕ್ಯುರಿಟಿ ಇನ್‌ಸ್ಟಿಟ್ಯೂಟ್ ಆಗಿದೆ. ಅದು ದೊಡ್ಡ ಮಾಡೆಲ್‌ಗಳನ್ನು ಪರೀಕ್ಷೆ ಮಾಡುವ ಜಾಗ. ನಿಮ್ಮ ನಮ್ಮ ದೂರು ಅಲ್ಲಿಗೆ ಹೋಗುವುದಿಲ್ಲ.

ಹಾಗಾದರೆ ಹಳೆಯ ಕಾನೂನುಗಳಿಂದ ಏನಾದರೂ ಆಗುತ್ತದೆಯೇ? 2020ರ ಆಗಸ್ಟ್ ತಿಂಗಳೊಂದನ್ನೇ ನೋಡಿ. ವೀಸಾ ಅರ್ಜಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವ ಒಂದು ಸಾಫ್ಟ್‌ವೇರ್ ಹೋಮ್ ಆಫೀಸ್, ಅಂದರೆ ಇಲ್ಲಿನ ಗೃಹ ಇಲಾಖೆಯ ಬಳಿ ಇತ್ತು. ಅರ್ಜಿದಾರರು ಯಾವ ದೇಶದವರು ಅನ್ನುವುದೂ ಅದರ ಲೆಕ್ಕದಲ್ಲಿತ್ತು. ಫಾಕ್ಸ್‌ಗ್ಲೋವ್ ಮತ್ತು ಜೆಸಿಡಬ್ಲ್ಯುಐ ಎಂಬ ಎರಡು ಹಕ್ಕು ಹೋರಾಟದ ಸಂಸ್ಥೆಗಳು ಕೋರ್ಟ್ ಮೆಟ್ಟಿಲೇರಿದವು. ತೀರ್ಪು ಬರುವ ಮೊದಲೇ, ಆಗಸ್ಟ್ 7ರಿಂದ ಅದನ್ನು ನಿಲ್ಲಿಸುವುದಾಗಿ ಹೋಮ್ ಆಫೀಸ್ ಒಪ್ಪಿತು. ಆಗಸ್ಟ್ 11ರಂದು ಸೌತ್ ವೇಲ್ಸ್ ಪೊಲೀಸರು ಬೀದಿಯಲ್ಲಿ ಜನರ ಮುಖ ಗುರುತಿಸಲು ಕ್ಯಾಮೆರಾ ಬಳಸಿದ ರೀತಿ ಕಾನೂನುಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಆಗಸ್ಟ್ 17ರಂದು, ಕೋವಿಡ್‌ನಿಂದ ಪರೀಕ್ಷೆ ನಿಂತ ವರ್ಷ ಎ-ಲೆವೆಲ್ (ನಮ್ಮ ಪಿಯುಸಿಯಂಥದ್ದು) ಮಕ್ಕಳಿಗೆ ಲೆಕ್ಕ ಹಾಕಿ ಗ್ರೇಡ್ ಕೊಟ್ಟ ಅಲ್ಗಾರಿದಮನ್ನು ಸರ್ಕಾರ ಕೈಬಿಟ್ಟಿತು. ಮೂರಕ್ಕೂ ಎಐ ಕಾಯ್ದೆ ಬೇಕಾಗಲಿಲ್ಲ. ಮೊದಲೆರಡಕ್ಕೆ ಖಾಸಗಿತನ ಮತ್ತು ಸಮಾನತೆಯ ಕಾನೂನುಗಳು ಸಾಕಾದವು, ಮೂರನೆಯದಕ್ಕೆ ಬೀದಿಗಿಳಿದ ಮಕ್ಕಳ ಕೂಗು.

ಈಗ ನಿಮ್ಮ ಕೈಯಲ್ಲಿರುವ ಅಸ್ತ್ರಗಳು. ಮೊದಲನೆಯದು ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್. ಯಾವುದೇ ಕಂಪನಿ, ಕೌನ್ಸಿಲ್, ಯೂನಿವರ್ಸಿಟಿ ನಿಮ್ಮ ಬಗ್ಗೆ ಇಟ್ಟುಕೊಂಡ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಇದು. ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಒಂದು ತಿಂಗಳಲ್ಲಿ ಉತ್ತರ ಬರಬೇಕು, ವಿಷಯ ಜಟಿಲವಾಗಿದ್ದರೆ ಇನ್ನೂ ಎರಡು ತಿಂಗಳು ತೆಗೆದುಕೊಳ್ಳಬಹುದು. ಇದಕ್ಕೆ ಫಾರಂ, ವಕೀಲರು ಏನೂ ಬೇಡ, ಒಂದು ಸಾದಾ ಇಮೇಲ್ ಸಾಕು. ಸುಮ್ನೆ ‘ನನ್ನ ಮಾಹಿತಿ ಕೊಡಿ’ ಎಂದು ಬರೆದರೆ ನಿಮ್ಮದೇ ಸಿವಿಯನ್ನು ನಿಮಗೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನನಗೆ ಕೊಟ್ಟ ಸ್ಕೋರ್ ಏನು, ಆ ಸ್ಕೋರ್ ಯಾವ ಮಾಹಿತಿಯಿಂದ ಬಂತು, ನಿರ್ಧಾರದಲ್ಲಿ ಮನುಷ್ಯರ ಪಾತ್ರ ಏನಿತ್ತು ಎಂದು ಬಿಡಿಸಿ ಕೇಳಿ.

ಆ ಮೂರನೇ ಪ್ರಶ್ನೆ ಮುಖ್ಯ. ಪೂರ್ತಿ ಯಂತ್ರವೇ ಮಾಡಿದ, ನಿಮ್ಮ ಬದುಕಿಗೆ ದೊಡ್ಡ ಪೆಟ್ಟು ಕೊಡುವ ನಿರ್ಧಾರಗಳಿಗೆ ಇಲ್ಲಿ ಬೇರೆಯೇ ನಿಯಮ ಇದೆ. ಮೊದಲು ಅಂಥ ನಿರ್ಧಾರಗಳೇ ನಿಷಿದ್ಧ, ಕೆಲವು ವಿನಾಯಿತಿ ಮಾತ್ರ ಎಂಬಂತಿತ್ತು. 2025ರ ಜೂನ್‌ನಲ್ಲಿ ಪಾಸಾದ ಡೇಟಾ ಯೂಸ್ ಅಂಡ್ ಆಕ್ಸೆಸ್ ಕಾಯ್ದೆ ಅದನ್ನು ಸಡಿಲ ಮಾಡಿತು. ಆರೋಗ್ಯ, ಜನಾಂಗ, ಧರ್ಮದಂಥ ಸೂಕ್ಷ್ಮ ಮಾಹಿತಿ ಬಳಸದಿದ್ದರೆ ಯಂತ್ರದ ನಿರ್ಧಾರಕ್ಕೆ ಈಗ ಹೆಚ್ಚು ಅವಕಾಶ ಇದೆ. ಆದರೆ ಕಂಪನಿ ನಿಮಗೆ ವಿಷಯ ತಿಳಿಸಬೇಕು, ನಿಮ್ಮ ಮಾತು ಕೇಳಬೇಕು, ನೀವು ಕೇಳಿದರೆ ಮನುಷ್ಯರ ಕೈಲಿ ಮತ್ತೆ ನೋಡಿಸಬೇಕು, ನಿರ್ಧಾರವನ್ನು ಪ್ರಶ್ನಿಸಲು ದಾರಿ ಕೊಡಬೇಕು. ನನ್ನ ಪ್ರಕಾರ ಈ ಬದಲಾವಣೆಯಿಂದ ಲಾಭ ಆಗಿದ್ದು ಕಂಪನಿಗಳಿಗೆ. ಮೊದಲು ಬೇಡ ಎಂದು ಕಾನೂನೇ ತಡೆಯುತ್ತಿತ್ತು, ಈಗ ಕೇಳುವ ಹೊರೆ ನಮ್ಮ ಮೇಲೆ ಬಂದಿದೆ. ‘ನಮ್ಮ ಸಿಬ್ಬಂದಿಯೇ ನೋಡಿದ್ದಾರೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಯಂತ್ರ ಹೇಳಿದ್ದಕ್ಕೆ ಕಣ್ಣುಮುಚ್ಚಿ ಒತ್ತಿದ ಮುದ್ರೆ ಲೆಕ್ಕಕ್ಕಿಲ್ಲ, ಮನುಷ್ಯರ ಪಾಲು ಅರ್ಥಪೂರ್ಣವಾಗಿರಬೇಕು ಎಂದೇ ಕಾನೂನು ಹೇಳುತ್ತದೆ.

ಕೆಲಸಕ್ಕೆ ಅರ್ಜಿ ಹಾಕುವವರು ಇನ್ನೊಂದು ವಿಷಯ ತಿಳಿದಿರಬೇಕು. ನೇಮಕಾತಿಯಲ್ಲಿ ಬಳಸುವ ಎಐ ಸಾಧನಗಳನ್ನು ಐಸಿಒ ತಪಾಸಣೆ ಮಾಡಿ 2024ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಕೆಲವು ಸಾಧನಗಳು ಅಭ್ಯರ್ಥಿಯ ಹೆಸರು ನೋಡಿಯೇ ಗಂಡೋ ಹೆಣ್ಣೋ, ಯಾವ ಜನಾಂಗ ಎಂದು ಊಹೆ ಮಾಡುತ್ತಿದ್ದವು. ಅದೂ ಅಭ್ಯರ್ಥಿಗೆ ಗೊತ್ತಿಲ್ಲದಂತೆ. ನಮ್ಮ ಹೆಸರುಗಳನ್ನು ನೋಡಿ ಅದು ಏನು ಊಹಿಸುತ್ತದೋ, ಅಲ್ವಾ! 2010ರ ಸಮಾನತಾ ಕಾಯ್ದೆಯಲ್ಲಿ ಮೈಬಣ್ಣ, ಪೌರತ್ವ, ಮೂಲ ದೇಶ ಎಲ್ಲವೂ ಜನಾಂಗದ ಅಡಿ ಬರುತ್ತವೆ. ಎಲ್ಲರಿಗೂ ಒಂದೇ ಎನಿಸುವ ನಿಯಮ ಒಂದು ಗುಂಪಿಗೆ ಮಾತ್ರ ಜಾಸ್ತಿ ಹೊಡೆತ ಕೊಟ್ಟರೆ, ಅದಕ್ಕೆ ಸರಿಯಾದ ಸಮರ್ಥನೆಯೂ ಇಲ್ಲದಿದ್ದರೆ, ಅದೂ ತಾರತಮ್ಯವೇ. ಕಂಪನಿಗೆ ಕೆಟ್ಟ ಉದ್ದೇಶ ಇತ್ತು ಎಂದು ನೀವು ಸಾಬೀತು ಮಾಡಬೇಕಿಲ್ಲ. ‘ಸಾಫ್ಟ್‌ವೇರ್ ಬೇರೆ ಕಂಪನಿಯದು’ ಎಂಬ ನೆಪವೊಂದರಿಂದಲೇ ಅವರು ಪಾರಾಗುವುದೂ ಇಲ್ಲ.

ಇಂಥ ದೂರನ್ನು ವಿಚಾರಿಸುವ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ ಹೋಗುವ ಮೊದಲು, ರಾಜಿ ಮಾಡಿಸುವ ಆಕಾಸ್ ಎಂಬ ಸಂಸ್ಥೆಗೆ ವಿಷಯ ತಿಳಿಸಬೇಕು. ದೂರು ಕೊಡುವ ಗಡುವು ಬಹುಕಾಲ ಮೂರು ತಿಂಗಳಿಗೆ ಒಂದು ದಿನ ಕಮ್ಮಿ ಎಂದಿತ್ತು. ಅದನ್ನು ಆರು ತಿಂಗಳಿಗೆ ಏರಿಸುವ ಕಾಯ್ದೆ 2025ರ ಡಿಸೆಂಬರ್‌ನಲ್ಲಿ ಪಾಸಾಗಿದೆ. ನಿಮ್ಮ ಪ್ರಕರಣಕ್ಕೆ ಯಾವುದು ಅನ್ವಯಿಸುತ್ತದೆ ಎಂದು ಆಕಾಸ್‌ಗೆ ಫೋನ್ ಮಾಡಿ ಕೇಳಿ. ಐಸಿಒಗೂ ದೂರು ಕೊಟ್ಟಿದ್ದರೆ ಅದರ ಉತ್ತರ ಬರಲಿ ಎಂದು ಕಾಯುತ್ತಾ ಕೂತು ಗಡುವು ಕಳೆದುಕೊಳ್ಳಬೇಡಿ. ಅವೆರಡೂ ಬೇರೆ ಬೇರೆ ದಾರಿ.

ಕೆಲಸಕ್ಕೆ ಸೇರಿದ ಮೇಲೂ ಐಸಿಒ ಸಹಾಯಕ್ಕೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಅದು ಸೆರ್ಕೋ ಲೀಷರ್ ಕಂಪನಿಗೆ, ಹಾಜರಾತಿಗಾಗಿ ಮುಖ ಮತ್ತು ಬೆರಳಚ್ಚು ಸ್ಕ್ಯಾನ್ ಮಾಡುವುದನ್ನು ನಿಲ್ಲಿಸುವಂತೆ ಆದೇಶ ಕೊಟ್ಟಿತು. 38 ಕೇಂದ್ರಗಳ 2,000ಕ್ಕೂ ಹೆಚ್ಚು ನೌಕರರಿಗೆ ಅದರಿಂದ ಬಿಡುಗಡೆ ಸಿಕ್ಕಿತು. ಸ್ಪಾನ್ಸರ್‌ಶಿಪ್ (ಕಂಪನಿ ಕೊಡಿಸಿದ ವೀಸಾ) ಮೇಲೆ ಇರುವವರು ಕಂಪನಿ ವಿರುದ್ಧ ಬಾಯಿ ಬಿಡಲು ಹೆದರುತ್ತಾರೆ, ಆ ಹೆದರಿಕೆ ಸುಳ್ಳೂ ಅಲ್ಲ. ಅಂಥವರು ಯೂನಿಯನ್ ಸೇರಿ, ದೂರನ್ನು ಅದರ ಮೂಲಕ ಒಯ್ಯುವುದು ವಾಸಿ.

ಹೊಸದಾಗಿ ಬಂದವರಿಗೆ ಸಾಲ, ಕ್ರೆಡಿಟ್ ಕಾರ್ಡ್, ಕೆಲವೊಮ್ಮೆ ಮೊಬೈಲ್ ಕಾಂಟ್ರಾಕ್ಟ್ ಕೂಡ ಸಿಗುವುದಿಲ್ಲ. ಅದು ಬಹುತೇಕ ಇಲ್ಲಿ ನಿಮ್ಮ ಕ್ರೆಡಿಟ್ ಇತಿಹಾಸವೇ ಇಲ್ಲದ ಕಾರಣಕ್ಕೆ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ನಿಮ್ಮ ವರದಿಯನ್ನು ಉಚಿತವಾಗಿ ಕೊಡಬೇಕು. ವಿಳಾಸ ತಪ್ಪಿದ್ದರೆ ತಿದ್ದಿಸಿ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಸರಿಯಾದ ವೀಸಾ ಇದ್ದರೆ ಇಲ್ಲಿ ಮತದಾರರ ಪಟ್ಟಿಗೆ ಸೇರಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರ್‌ಗೂ ಅನುಕೂಲ. ಬ್ಯಾಂಕಿಗೆ ದೂರು ಕೊಟ್ಟು ಎಂಟು ವಾರ ಆದರೂ ಸರಿಯಾದ ಉತ್ತರ ಬರದಿದ್ದರೆ ಫೈನಾನ್ಶಿಯಲ್ ಓಂಬುಡ್ಸ್‌ಮನ್‌ಗೆ ಹೋಗಿ, ಖರ್ಚಿಲ್ಲ.

ವೀಸಾ ವಿಷಯದಲ್ಲಿ ಮಾತ್ರ ನಮ್ಮ ಕೈ ಸ್ವಲ್ಪ ಕಟ್ಟಿಹಾಕಿದಂತಿದೆ. 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲಿ ವಲಸೆ ನಿಯಂತ್ರಣಕ್ಕೆಂದು ಒಂದು ವಿನಾಯಿತಿ ಇದೆ. ಅದನ್ನು ಹಿಡಿದು ಹೋಮ್ ಆಫೀಸ್ ಕೆಲವು ಮಾಹಿತಿ ಕೊಡದೇ ಇರಬಹುದು. ಕೋರ್ಟ್ 2021ರಲ್ಲಿ ಅದರಲ್ಲಿ ತಪ್ಪು ಹುಡುಕಿತು. ಸರ್ಕಾರ ತಿದ್ದುಪಡಿ ಮಾಡಿತೇ ಹೊರತು ವಿನಾಯಿತಿ ಬಿಡಲಿಲ್ಲ. ಆದರೂ ನಿಮ್ಮ ಮಾಹಿತಿಗೆ ಅರ್ಜಿ ಹಾಕಿ ಕೇಳಿ, ಎಲ್ಲವನ್ನೂ ಮುಚ್ಚಿಡಲು ಆಗುವುದಿಲ್ಲ. ಸರ್ಕಾರಿ ಇಲಾಖೆಗಳು ಯಾವ ಅಲ್ಗಾರಿದಮ್ ಬಳಸುತ್ತವೆ ಎಂಬ ದಾಖಲೆಗಳೂ ಗವ್.ಯುಕೆ ತಾಣದಲ್ಲಿ ಸಿಗುತ್ತವೆ. ಪಟ್ಟಿ ಪೂರ್ತಿ ಅಲ್ಲ, ಆದರೂ ಒಮ್ಮೆ ಕಣ್ಣಾಡಿಸಿ.

ವಿದ್ಯಾರ್ಥಿಗಳೇ, ‘ಇದನ್ನು ಎಐ ಬರೆದಿದೆ’ ಎಂಬ ಆರೋಪ ನಿಮಗೆ ಬೇರೆಯವರಿಗಿಂತ ದುಬಾರಿ. ಕೋರ್ಸ್ ಹೋದರೆ ವೀಸಾ ಹೋಗುತ್ತದೆ. ಎಐ ಎಷ್ಟು ಬಳಸಬಹುದು ಅನ್ನುವುದಕ್ಕೆ ದೇಶಕ್ಕೊಂದು ನಿಯಮ ಇಲ್ಲ, ಯೂನಿವರ್ಸಿಟಿಗೊಂದು ನಿಯಮ, ಒಮ್ಮೊಮ್ಮೆ ವಿಷಯಕ್ಕೊಂದು. ಪತ್ತೆ ಮಾಡುವ ಸಾಫ್ಟ್‌ವೇರ್ ಎಷ್ಟೋ ಸಲ ತಪ್ಪು ಹೇಳುತ್ತದೆ. ಹಾಗಾಗಿ ಕರಡು ಪ್ರತಿಗಳನ್ನು, ಫೈಲಿನ ವರ್ಷನ್ ಹಿಸ್ಟರಿಯನ್ನು ಅಳಿಸಬೇಡಿ. ವಿಚಾರಣೆಗೆ ಸ್ಟೂಡೆಂಟ್ಸ್ ಯೂನಿಯನ್ ಸಲಹೆಗಾರರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಳಗಿನ ಮೇಲ್ಮನವಿ ಮುಗಿದಾಗ ಕೊಡುವ ಪತ್ರವನ್ನು ಜೋಪಾನವಾಗಿಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಪತ್ರ ಹಿಡಿದು 12 ತಿಂಗಳೊಳಗೆ ಓಐಎ ಎಂಬ ಸ್ವತಂತ್ರ ಸಂಸ್ಥೆಗೆ ಉಚಿತವಾಗಿ ದೂರು ಕೊಡಬಹುದು.

ಡೀಪ್‌ಫೇಕ್ ಬಗ್ಗೆ ಎರಡೇ ಮಾತು. ಯಾರದ್ದಾದರೂ ನಗ್ನ ಚಿತ್ರವನ್ನು ಎಐನಿಂದ ಸೃಷ್ಟಿಸಿ ಒಪ್ಪಿಗೆ ಇಲ್ಲದೆ ಹಂಚುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಜನವರಿ 31ರಿಂದ ಅಪರಾಧ. ದೂರು ಕೊಡಬೇಕಾದ್ದು ಪೊಲೀಸರಿಗೆ. ಆಫ್‌ಕಾಮ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ, ಅದು ಹಿಡಿಯುವುದು ಕಂಪನಿಗಳನ್ನು. ದಂಡ 1.8 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ ಶೇ. 10, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು.

ಕೊನೆಗೆ, ನಮ್ಮಲ್ಲಿ ಎಐ ಬಳಸುವವರಷ್ಟೇ ಅಲ್ಲ, ಕಟ್ಟುವವರೂ ಜಾಸ್ತಿ. ಲಂಡನ್ನಿನಲ್ಲಿ ಕೂತು ಕೋಡ್ ಬರೆದರೂ ನಿಮ್ಮ ಕಂಪನಿ ಅದನ್ನು ಜರ್ಮನಿಗೋ ಐರ್ಲೆಂಡಿಗೋ ಮಾರಿದರೆ ಯುರೋಪಿನ ಎಐ ಕಾಯ್ದೆ ಅನ್ವಯಿಸುತ್ತದೆ. ಕೆಲಸದ ಜಾಗದಲ್ಲಿ ನೌಕರರ ಭಾವನೆ ಅಳೆಯುವ ಎಐ ಅಲ್ಲಿ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, 2025ರ ಫೆಬ್ರವರಿಯಿಂದಲೇ ನಿಷಿದ್ಧ. ನಿಷೇಧ ಮುರಿದರೆ ದಂಡ 3.5 ಕೋಟಿ ಯುರೋ ಅಥವಾ ಜಾಗತಿಕ ವಹಿವಾಟಿನ ಶೇ. 7ರವರೆಗೆ ಇದೆ. ಪ್ರಾಡಕ್ಟ್ ಮೀಟಿಂಗ್‌ನಲ್ಲಿ ‘ನಮ್ಮದು ಬ್ರಿಟಿಷ್ ಕಂಪನಿ, ನಮಗೆ ಇದು ಅನ್ವಯಿಸಲ್ಲ’ ಎಂದು ಯಾರಾದರೂ ಹೇಳಿದರೆ, ಗಿರಾಕಿಗಳು ಯಾವ ದೇಶದಲ್ಲಿದ್ದಾರೆ ಎಂಬ ಪಟ್ಟಿ ತರಿಸಿ.