ವಾರ್ಡ್ ಒರೆಸಿದ್ದಾರೆಯೇ? ಪರೀಕ್ಷಿಸುವುದು ಹೀಗೆ

ಫಿನಾಯಿಲ್ ವಾಸನೆ ಬಂದರೆ ಸಾಕು, ವಾರ್ಡ್ ಸ್ವಚ್ಛವಾಗಿದೆ ಎಂದು ಪುಸ್ತಕದಲ್ಲಿ ಸಹಿ ಹಾಕುವ ಮೇಲ್ವಿಚಾರಕರನ್ನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ನೆಲ ಥಳಥಳ ಹೊಳೆಯುತ್ತಿರುತ್ತದೆ, ರೋಗಿ ಹಿಡಿದು ಏಳುವ ಮಂಚದ ಕಂಬಿಗೆ ಬಟ್ಟೆಯೇ ತಾಗಿರುವುದಿಲ್ಲ. ಅಸಿನೆಟೊಬ್ಯಾಕ್ಟರ್‌ನಂಥ ರೋಗಾಣು ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತದೆ.

ಮೊದಲು, ಕೈ ಹೆಚ್ಚು ತಾಗುವ ಜಾಗಗಳನ್ನು ಪಟ್ಟಿ ಮಾಡಿ: ಕಂಬಿ, ಕರೆಗಂಟೆ, ಊಟದ ಮೇಜು, ಡ್ರಿಪ್ ಸ್ಟ್ಯಾಂಡ್, ಸ್ವಿಚ್, ಬಾಗಿಲ ಹಿಡಿ, ಫ್ಲಶ್.

ಎರಡನೆಯದು, ಒರೆಸುವ ಮುಂಚೆ ಆ ಜಾಗಗಳಿಗೆ ಕಣ್ಣಿಗೆ ಕಾಣದ ಗುರುತು ಹಾಕುವುದು. ಎಲ್ಲರೂ ಎಡವುವುದು ಇಲ್ಲಿಯೇ. ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯುವ ಜೆಲ್ ಸಿಗುತ್ತದೆ. ಅದನ್ನೇ ಬಳಸಿ. ಪುಡಿ ಬೇಡವೇ ಬೇಡ. ಫ್ಯಾನಿನ ಗಾಳಿಗೆ ಹಾರಿಹೋಗಿ, ಒರೆಸದಿದ್ದರೂ ಒರೆಸಿದಂತೆ ತೋರುತ್ತದೆ. ಚುಕ್ಕೆ ಹೆಸರುಕಾಳಿನಷ್ಟಿರಲಿ. ದಪ್ಪಗೆ ಹಚ್ಚಿದರೆ ಓರೆಯಾಗಿ ನೋಡಿದಾಗ ಮಿಂಚುತ್ತದೆ, ಆಗ ಅದೊಂದನ್ನೇ ಉಜ್ಜಿ ಮುಗಿಸುತ್ತಾರೆ. ರೋಗಿಯ ಬೆರಳು ಸದಾ ಉಜ್ಜುವಲ್ಲಿ ಹಚ್ಚಬೇಡಿ. ಅದರ ಪಕ್ಕದಲ್ಲಿ ಹಚ್ಚಿ ಪೂರ್ತಿ ಒಣಗಲು ಬಿಡಿ. ಯಾವ ಮಂಚಕ್ಕೆ ಹಚ್ಚಿದ್ದೀರಿ ಎಂಬುದು ನಿಮ್ಮಲ್ಲೇ ಇರಲಿ.

ಮರುದಿನ ಒರೆಸಿ ಮುಗಿದ ಮೇಲೆ ಪರದೆ ಎಳೆದು, ದೀಪ ಆರಿಸಿ ನೇರಳಾತೀತ ಟಾರ್ಚಿನ ಬೆಳಕು ಬಿಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೋದರೆ 365 ನ್ಯಾನೋಮೀಟರ್ ತರಂಗಾಂತರದ ಟಾರ್ಚನ್ನೇ ಕೇಳಿ ತನ್ನಿ. ಅಗ್ಗದ 395ರದು ತನ್ನದೇ ನೇರಳೆ ಬೆಳಕಿನಲ್ಲಿ ಗುರುತನ್ನು ಮುಳುಗಿಸುತ್ತದೆ. ಡಿಟರ್ಜೆಂಟಿನಲ್ಲಿ ಒಗೆದ ಹೊದಿಕೆಯೂ ನೀಲಿಯಾಗಿ ಹೊಳೆಯುತ್ತದೆ, ಮೋಸಹೋಗಬೇಡಿ. ಚುಕ್ಕೆ ಹಾಗೇ ಉಳಿದಿದ್ದರೆ ಬಟ್ಟೆ ತಾಗಿಲ್ಲ. ಸುತ್ತ ಬಳಿದುಕೊಂಡಿದ್ದರೆ ತಾಗಿದೆ, ಉಜ್ಜಿಲ್ಲ.

ಒರೆಸಿದ್ದು ಖಚಿತವಾಯಿತು, ಕೊಳೆ ಹೋಯಿತೇ? ಅದಕ್ಕೆ, ಜೀವಕೋಶಗಳಲ್ಲಿರುವ ಎಟಿಪಿ ಎಂಬ ವಸ್ತುವನ್ನು ಅಳೆಯುವ ಎಟಿಪಿ ಮೀಟರ್ ಬೇಕು. ಹತ್ತು ಸೆಂಟಿಮೀಟರ್ ಚೌಕವನ್ನು ಅಡ್ಡಕ್ಕೂ ಉದ್ದಕ್ಕೂ ಮೀಟರಿನ ಹತ್ತಿಕಡ್ಡಿ (ಸ್ವಾಬ್) ತಿರುಗಿಸುತ್ತಾ ಒರೆಸಿ. ಅದನ್ನು ಮೀಟರಿಗೆ ಹಾಕಿದರೆ ಅರೆ ನಿಮಿಷದೊಳಗೆ ಕೊಳೆಯ ಅಂಕಿ ಬರುತ್ತದೆ. ಒರೆಸಿದ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಇನ್ನೂ ಹಸಿಯಿದ್ದರೆ ಆ ಅಂಕಿಯನ್ನು ನಂಬಬೇಡಿ. ರಕ್ತ, ಎಂಜಲು, ಅನ್ನದ ಅಗುಳು ಎಲ್ಲವೂ ಮೀಟರಿನ ಅಂಕಿಯಲ್ಲಿ ಸೇರುತ್ತವೆ, ವೈರಸ್ ಸೇರುವುದಿಲ್ಲ. ಒಂದು ಕಂಪನಿಯ ಮೀಟರಿನ ಅಂಕಿಯನ್ನು ಇನ್ನೊಂದರದಕ್ಕೆ ಹೋಲಿಸುವಂತಿಲ್ಲ.

ಫಲಿತಾಂಶವನ್ನು ಕಡತಕ್ಕೆ ಸೇರಿಸುವ ಮುನ್ನ ಒರೆಸಿದವರನ್ನೇ ಕರೆದು ಟಾರ್ಚ್ ಅವರ ಕೈಗೆ ಕೊಡಿ. ಕರೆಗಂಟೆಯ ಗುಂಡಿಯ ಪಕ್ಕ ಹೊಳೆಯುತ್ತಿದ್ದ ಚುಕ್ಕೆಯನ್ನು ಕಂಡು ಆಯಾ ಒಬ್ಬರು, “ಕರೆಂಟಿನ ಸಾಮಾನು ಮುಟ್ಟಬೇಡಿ ಎಂದಿದ್ದರಲ್ಲ ಸಿಸ್ಟರ್” ಎಂದರು. ಕೇಳಿದರೆ, ಅದು ಹೌಸ್‌ಕೀಪಿಂಗ್‌ನವರ ಕೆಲಸ ಎಂದು ನಮ್ಮ ದಾದಿಯರೂ ಬಿಟ್ಟಿದ್ದರು. ಈಗ ಕರೆಗಂಟೆ, ಮಾನಿಟರ್, ಡ್ರಿಪ್ ಪಂಪು ಒರೆಸುವುದು ಯಾರ ಪಾಲಿಗೆ ಎಂಬುದನ್ನು ಪ್ರತಿ ವಾರ್ಡಿನ ಗೋಡೆಯ ಮೇಲೆ ಬರೆಸಿದ ಮೇಲೆಯೇ ಜೆಲ್ ಹಚ್ಚುತ್ತೇನೆ.