ಹಳೇ ತೂಗುದೀಪದಲ್ಲಿ ಯಾವ ಭಾಗ ಯಾವ ಕಾಲದ್ದು ಅಂತ ನೋಡೋದು ಹೇಗೆ

ಮಳೆ ಬಿಟ್ಟ ಮೇಲೆ ಕೊಡಗಿನ ಎಸ್ಟೇಟ್ ಬಂಗಲೆಗಳಲ್ಲಿ ಅಟ್ಟ ಕ್ಲೀನ್ ಮಾಡುವಾಗ ಹಿತ್ತಾಳೆ ತೂಗುದೀಪ ಏನಾದ್ರೂ ಸಿಕ್ಕಿದ್ರೆ, ಮೇಲೊಂದು ಸ್ಟೈಲು ಕೆಳಗೊಂದು ಸ್ಟೈಲು ಇದೆ, ಡುಪ್ಲಿಕೇಟ್ ಇರ್ಬೇಕು ಅಂತ ಗುಜರಿಗೆ ಹಾಕ್ಬೇಡಿ ದಯವಿಟ್ಟು. ಆ ಬೆರಕೆಯಲ್ಲೇ ಅದರ ವಯಸ್ಸು ಗೊತ್ತಾಗೋದು.

ಮೊದಲು ದೀಪದ ಕೈಗಳನ್ನ, ಅಂದ್ರೆ ಗಾಜು ಹೊತ್ತಿರೋ ಕೊಂಬೆಗಳನ್ನ ನೋಡಿ. ಗ್ಯಾಸ್ ದೀಪದ ಕಾಲದಲ್ಲಿ ಜ್ವಾಲೆ ಮೇಲಕ್ಕೇ ಉರೀತಿತ್ತಲ್ಲ, ಹಾಗಾಗಿ ಕೈ ಮೇಲಕ್ಕೆ ಬಾಗಿ ಗಾಜು ಆಕಾಶ ನೋಡ್ತಿರತ್ತೆ. ಕರೆಂಟ್ ಬಂದ ಮೇಲೆ ಬಲ್ಬನ್ನ ಕೆಳಮುಖವಾಗಿ ತೂಗಿಸಬಹುದಾಯ್ತು, ಆದ್ರೂ ಹಳೇ ಅಚ್ಚು ಬಿಸಾಡೋಕೆ ಯಾರಿಗೆ ಮನಸ್ಸು ಬರತ್ತೆ, ಅದೇ ಎಲೆ ಬಳ್ಳಿಯ ಬಾಡಿ ಮೇಲೆ ಬಲ್ಬ್ ಹೋಲ್ಡರ್ ಹಾಕಿ ಮಾರಿದ್ರು. ಆಗ ವಿದೇಶದಲ್ಲಿ ಕರೆಂಟಿನ ಮೇಲೆ ನಂಬಿಕೆ ಕಮ್ಮಿ ಇದ್ದಿದ್ದಕ್ಕೆ ಒಂದೇ ದೀಪದಲ್ಲಿ ಮೇಲೆ ಗ್ಯಾಸು, ಕೆಳಗೆ ಬಲ್ಬು ಇರೋದನ್ನೂ ಮಾಡ್ತಿದ್ರು. ದೀಪದ ಕೈಯಲ್ಲಿ ಗ್ಯಾಸ್ ಬಿಡೋ ಸಣ್ಣ ನಲ್ಲಿ ತಿರುಪು ಉಳಿದಿದ್ರೆ ಅದೇ ಗ್ಯಾಸ್ ಇದ್ದದ್ದರ ಗುರುತು.

ಆಮೇಲೆ ಕೆತ್ತನೆ. ಒತ್ತೊತ್ತಾಗಿ ಎಲೆ ಹೂವು ತುಂಬಿದ್ರೆ ವಿಕ್ಟೋರಿಯನ್, ಅಂದ್ರೆ ವಿಕ್ಟೋರಿಯಾ ರಾಣಿ ಕಾಲದ್ದು, 1837ರಿಂದ 1901. ಮೆಣಸಿನ ಬಳ್ಳಿ ಥರ ಉದ್ದಕ್ಕೆ ಬಳುಕಿದ ಗೆರೆ ಇದ್ರೆ ಆರ್ಟ್ ನುವೋ, ಹೆಚ್ಚುಕಮ್ಮಿ 1890ರಿಂದ 1910. ಮೆಟ್ಟಿಲು ಮೆಟ್ಟಿಲಾದ ಗಾಜು, ಬೀಸಣಿಗೆ, ಸೂರ್ಯಕಿರಣದ ಗೆರೆ ಇದ್ರೆ ಆರ್ಟ್ ಡೆಕೊ, ಆ ಹೆಸರು ಬಂದಿದ್ದೇ 1925ರ ಪ್ಯಾರಿಸ್ ಪ್ರದರ್ಶನದಿಂದ. ಬಳ್ಳಿ ಕೆತ್ತನೆಯ ಬಾಡಿ ಮೇಲೆ ಮೆಟ್ಟಿಲು ಗಾಜು ಕೂತಿದ್ರೆ ಎರಡು ಸಾಧ್ಯತೆ: ಸ್ಟೈಲ್ ಬದಲಾಗ್ತಿದ್ದ ಹೊತ್ತಲ್ಲಿ ಹಾಗೇ ಮಾಡಿದ್ದು, ಇಲ್ಲಾ ಹಳೇ ಗಾಜು ಒಡೆದು ಆಮೇಲೆ ಹಾಕಿದ್ದು. ಇದನ್ನ ತಿಳಿಯೋಕೆ ಗಾಜಿನ ಕಂಠಕ್ಕೆ ಮೂರೂ ಸ್ಕ್ರೂ ಸರಿಯಾಗಿ ಹಿಡೀತಾವಾ ನೋಡಿ, ಪೇಪರ್ ಮಡಚಿ ತುರುಕಿದ್ರೆ ಗಾಜು ಬೇರೆ ಕಡೆಯದ್ದೇ ಇರ್ಬೇಕು. ಸೂರಿಗೆ ಅಂಟಿಕೊಳ್ಳೋ ಮೇಲಿನ ಬಟ್ಟಲು ಬಿಚ್ಚಿ ಒಳಗಿನ ಬಣ್ಣ, ತೂತಿನ ಅಂಚು ನೋಡಿ, ಹೊಳೀತಿದ್ರೆ ಅದು ಈಚೆಗೆ ಕೊರೆದಿದ್ದು. ಮ್ಯಾಗ್ನೆಟ್ ಅಂಟಿದ್ರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ.

ಇಷ್ಟು ನೋಡೋ ತನಕ ಹುಣಸೆಹಣ್ಣು, ಕಾಚಂಪುಳಿ (ಕೊಡಗಿನ ಹುಳಿ ರಸ) ಯಾವುದನ್ನೂ ಹಚ್ಚಿ ತಿಕ್ಕಬೇಡಿ, ಕಾಲದ ಕಪ್ಪು ಹೋದ್ರೆ ಗುರುತೂ ಹೋಯ್ತು. ಒಳಗಿನ ಬಟ್ಟೆ ಸುತ್ತಿದ ರಬ್ಬರ್ ವೈರು ಪುಡಿಪುಡಿಯಾಗಿರತ್ತೆ, ನಮ್ಮ ಥಂಡಿಗಂತೂ ಅಪಾಯ, ಎಲೆಕ್ಟ್ರಿಷಿಯನ್ ಹತ್ರ ಹೊಸ ವೈರು ಮತ್ತು ಅರ್ಥಿಂಗ್ ಕೊಡಿಸಿ. ಬಲ್ಬು 2700 ಕೆಲ್ವಿನ್ ಎಲ್‌ಇಡಿ ಸಾಕು, ಹಳದಿ ಬೆಳಕೂ ಸಿಗತ್ತೆ ಗಾಜೂ ಬಿಸಿಯಾಗಲ್ಲ.

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ತೂಕ್ ಬೊಳ್ಚ ಅನ್ನೋ ತೂಗುದೀಪದ ತಂಟೆಗೆ ಮಾತ್ರ ಹೋಗ್ಬೇಡಿ. ಅದು ಹಿರಿಯರ ಹೆಸರಲ್ಲಿ ಹಚ್ಚೋ ದೀಪ, ಬತ್ತಿ ಎಣ್ಣೆಯಲ್ಲೇ ಉರೀಲಿ.