ಗ್ರೀಸ್ ಕೈಗೆ ತೊಗರಿ ಚುನ್ನಿ: ನನ್ನ ಅನುಭವ

ಕಲಬುರಗಿಯ ಹುಮನಾಬಾದ್ ಬೇಸ್ ಕಡೆ ನನ್ನದೊಂದು ಸಣ್ಣ ಗ್ಯಾರೇಜು. ಬೈಕು, ಆಟೋ ಕೆಲಸ. ನಾನು, ಇಬ್ಬರು ಹುಡುಗರು. ಮೂರು ವರ್ಷದ ಹಿಂದೆ ಗ್ರೀಸ್ ಕೈ ತೊಳೆಯಲು ನಲ್ಲಿ ಪಕ್ಕ ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ಪುಡಿ; ದನಕ್ಕೆ ಹಾಕುವಂಥದ್ದು) ಡಬ್ಬಿ ಇಟ್ಟಾಗ ಎಲ್ಲರೂ ನಕ್ಕರು. "ಉಸ್ತಾದ್, ಎಮ್ಮಿ ಕಟ್ಟೀರೇನ್ರಿ?" ಅಂತ ಪಕ್ಕದ ಗ್ಯಾರೇಜಿನವನು ಕೇಳಿದ್ದ. ಈಗ ಸಂಜೆಯಾದರೆ ಅವನೇ ಖಾಲಿ ಡಬ್ಬಿ ಹಿಡಿದುಕೊಂಡು ಬರುತ್ತಾನೆ.

ಮೊದಲು ನಾನೂ ಎಲ್ಲರ ಹಾಗೆ ಪೆಟ್ರೋಲಿನಲ್ಲೇ ಕೈ ತೊಳೆಯುತ್ತಿದ್ದೆ. ಕಾರ್ಬೊರೇಟರ್ ತೊಳೆದದ್ದು ತಟ್ಟೆಯಲ್ಲಿ ಉಳಿದಿರುತ್ತಲ್ಲ, ಅದೇ. ಪುಕ್ಕಟೆ. ಮೇಲೆ ಒಂದು ಮುಷ್ಟಿ ಸರ್ಫ್. ಕೈ ಬೆಳ್ಳಗೇನೋ ಆಗುತ್ತಿತ್ತು, ಆದರೆ ಚಳಿಗಾಲ ಬಂತೆಂದರೆ ಬೆರಳ ಸಂದು ಸೀಳಿ ರಕ್ತ. ಆ ಕೈಯಲ್ಲಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡರೆ ಕಣ್ಣಲ್ಲಿ ನೀರು. ಚರ್ಮದ ಡಾಕ್ಟರು, ಮುಲಾಮು ಅಂತ ಒಂದೇ ವರ್ಷ 2,000 ರೂಪಾಯಿ ಹತ್ತಿರ ಹೋಯಿತು. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಕ್ಯಾನ್ಸರ್ ತರುವಂಥದ್ದು, ಚರ್ಮದಿಂದಲೂ ಮೈಗೆ ಇಳಿಯುತ್ತದೆ ಅಂತ ಡಾಕ್ಟರು ಬೈದು ಕಳಿಸಿದರು.

ಆಮೇಲೆ ಅಂಗಡಿಯ ಪೇಸ್ಟ್. ಕಿತ್ತಳೆ ವಾಸನೆ, ಒಳಗೆ ಸಣ್ಣ ಹರಳು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಅರ್ಧ ಕೆಜಿಗೆ 350 ಕೊಟ್ಟ ನೆನಪು. ನಮ್ಮ ಹುಡುಗರು ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿ 12 ದಿನಕ್ಕೆ ಮುಗಿಸಿದರು.

ಒಂದು ದಿನ ಕರೆಂಟ್ ಹೋಗಿ ಬೋರ್ ನೀರೂ ಇರಲಿಲ್ಲ. ಕೈ ತುಂಬ ಬೇರಿಂಗ್ ಗ್ರೀಸ್. ಹುಡುಗನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸುರಿದುಕೊಂಡು ತಿಕ್ಕಿ ವೇಸ್ಟ್ ಬಟ್ಟೆಯಲ್ಲಿ ಒರೆಸಿದೆ. ಅರ್ಧಕ್ಕರ್ಧ ಹೋಗಿತ್ತು! ಎಣ್ಣೆ ಸರಿ, ಇನ್ನು ತಿಕ್ಕಲು ಏನಾದರೂ ಬೇಕಲ್ಲ. ಮರದ ಹೊಟ್ಟು ತಂದೆ, ಸಿಬಿರು ಚುಚ್ಚಿತು. ಸಕ್ಕರೆ ಚಲೋ ತಿಕ್ಕುತ್ತದೆ, ಆದರೆ ಇರುವೆ ಕಾಟ. ಶಹಾಬಾದ್ ಫರ್ಸಿ ಕೊಯ್ಯುವಲ್ಲಿಂದ ಕಲ್ಲಿನ ಪುಡಿ ತಂದೆ. ಕೈ ಸುಣ್ಣ ಹಚ್ಚಿದ ಹಾಗೆ ಒಣಗಿತು, ಮೋರಿಯೂ ಕಟ್ಟಿತು.

ಕೊನೆಗೆ ಕಪನೂರಿನ ದಾಲ್ ಮಿಲ್ಲಿನಿಂದ ಚುನ್ನಿ ಹೇರಿಕೊಂಡು ಹೊರಟ ಲೋಡ್ ಆಟೋ ಕ್ಲಚ್ ಕೇಬಲ್ ಕಿತ್ತು ನಮ್ಮಲ್ಲಿ ನಿಂತಿತು. ಚೀಲದಿಂದ ಉದುರಿದ ಚುನ್ನಿಗೆ ಎಣ್ಣೆ ಕೈ ತಾಗಿತು. ಸುಮ್ನೆ ತಿಕ್ಕಿದೆ. ಕಪ್ಪು ಗುಳಿಗೆಗಳಾಗಿ ಉದುರಿತು ನೋಡಿ! ಬೇಳೆ ಪುಡಿ ಜಿಡ್ಡು ಹೀರುತ್ತದೆ, ಸಿಪ್ಪೆ ತಿಕ್ಕುತ್ತದೆ. ತೊಗರಿ ನಾಡಲ್ಲಿದ್ದು ಇಷ್ಟು ದಿನ ಹೊಳೆದಿರಲಿಲ್ಲ.

ಕೈ ಒಣಗಿರಬೇಕು, ಇದೇ ಮುಖ್ಯ. ಅರ್ಧ ಚಮಚ ಎಣ್ಣೆ, ಒಂದು ನಿಮಿಷ ತಿಕ್ಕು. ಮೇಲೆ ಜರಡಿ ಹಿಡಿದ ಚುನ್ನಿ, ಉದುರುವ ತನಕ. ಒಣ ಬಟ್ಟೆಯಲ್ಲಿ ಒರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ನೀರು ಎಲ್ಲಕ್ಕಿಂತ ಕೊನೆಗೆ. ನಮ್ಮ ಬೋರಿನ ಸವಳು ನೀರಿಗೆ ಸೋಪು ನೊರೆ ಬಿಡಲ್ಲ, ಲಿಕ್ವಿಡ್ ಬಿಡುತ್ತದೆ. ಚುನ್ನಿಗೆ ನಾನು ಇನ್ನೊಂದು ಪುಡಿ ಬೆರೆಸುತ್ತೇನೆ. ಅದನ್ನು ಪಕ್ಕದ ಗ್ಯಾರೇಜಿನವನಿಗೂ ಹೇಳಿಲ್ಲ.

ಜಾಣತನ ಮಾಡಲು ಹೋಗಿ ಎಲ್ಲ ಒಟ್ಟಿಗೆ 5 ಕೆಜಿ ಕಲಸಿಟ್ಟಿದ್ದೆ. ಮೇ ತಿಂಗಳು, ಹೊರಗೆ 42 ಡಿಗ್ರಿ. ನಾಲ್ಕೇ ದಿನಕ್ಕೆ ಹುಳಿ ನಾತ. ಸುಮಾರು 400 ರೂಪಾಯಿ ಮೋರಿಗೆ. ಅಂದಿನಿಂದ ಒಣದು ಬೇರೆ, ಎಣ್ಣೆ ಬೇರೆ. ಚುನ್ನಿಗೆ ಹುಳ ಬೀಳದಂತೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ. ಹಾಗೇ, ಮಿರ್ಚಿ ಭಜಿ ಕರಿದ ಎಣ್ಣೆ ಅಗ್ಗಕ್ಕೆ ಸಿಗುತ್ತೆ ಅಂತ ತಂದೆ. ಗ್ರೀಸು ಹೋಯಿತು, ಆಮೇಲೆ ಮರೆತು ಕಣ್ಣು ಉಜ್ಜಿಕೊಂಡೆ. ಆ ಕಥೆ ಬೇಡ. ಈಗ ಪ್ಯಾಕೆಟ್ ಪಾಮ್ ಎಣ್ಣೆ.

ಮೂವರಿಗೆ ದಿನಕ್ಕೆರಡು ಸಲ. ತಿಂಗಳಿಗೆ ಚುನ್ನಿ 60, ಎಣ್ಣೆ 60, ಲಿಕ್ವಿಡ್ 40. ಹೆಚ್ಚೆಂದರೆ 160. ಪೇಸ್ಟ್ ಆಗಿದ್ದರೆ 800 ದಾಟುತ್ತಿತ್ತು.

ಬಳಸಿದ ಚುನ್ನಿ ಹೊರಗೆ ಚೆಲ್ಲಬೇಡಿ. ಒಮ್ಮೆ ರಸ್ತೆಯ ಆಕಳು ಬಂದು ಬಾಯಿ ಹಾಕಲು ನೋಡಿತು, ಕರಿ ಆಯಿಲ್ ತುಂಬಿದ್ದು. ಈಗ ಮುಚ್ಚಳದ ಡ್ರಮ್ ಇಟ್ಟಿದ್ದೇನೆ. ಮುಂಜಾನೆ ಕೆಲಸಕ್ಕೆ ಮುಂಚೆ ಸೋಪಿನ ಬಿಲ್ಲೆ ಉಗುರಿನಿಂದ ಕೆರೆದುಕೊಳ್ಳಿ, ಉಗುರ ಸಂದಿಗೆ ಗ್ರೀಸ್ ಇಳಿಯಲ್ಲ.

ಮನೆಯಲ್ಲಿ ಮೊದಲು "ರೊಟ್ಟಿ ಮ್ಯಾಲ ಕರಿ ಬೆರಳು ಮೂಡ್ಯಾವ ನೋಡ್ರಿ" ಅಂತ ದಿನಾ ಮಾತು ಕೇಳುತ್ತಿದ್ದೆ. ಈಗ ನಿಂತಿದೆ. ಎಡ ಹೆಬ್ಬೆರಳಿನ ಹತ್ತಿರ ಒಂದು ತುಕ್ಕಿನ ಕಲೆ ಮಾತ್ರ ಚುನ್ನಿಗೆ ಬಗ್ಗುತ್ತಿಲ್ಲ. ಮೊನ್ನೆಯಿಂದ ಅದಕ್ಕೆ ಹುಣಸೆ ಹಣ್ಣು ಹಚ್ಚುತ್ತಿದ್ದೇನೆ.